‘ಆ ಸ್ಕ್ರೂ ಸಿಗೋದಿಲ್ಲ, ಸಾರ್’

‘ಸಿಗೋದಿಲ್ಲ, ಸಾರ್’ ಎಂಬ ಮಾತನ್ನು ನಮ್ಮ ಅಂಗಡಿಯವರು ಎಷ್ಟು ಹಗುರವಾಗಿ ಆಡುತ್ತಾರೆಂದರೆ, ಕೇಳಬಾರದ್ದನ್ನು ಕೇಳಿಬಿಟ್ಟೆನೇನೋ ಎಂದು ಗಿರಾಕಿಯೇ ನಾಚಿಕೊಳ್ಳಬೇಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ಊರುಗಳ ಹಾರ್ಡ್‌ವೇರ್ ಅಂಗಡಿಗಳಲ್ಲಿ ಒಂದೇ ವಾರದೊಳಗೆ ನಾನು ಈ ಮಾತನ್ನು ಕೇಳಿಸಿಕೊಂಡಿದ್ದೇನೆ. ನಾನು ಹುಡುಕಿದ್ದು ಬಡಗಿಯ ಕಬ್ಬಿಣದ ಉಜ್ಜುಗೊರಡಿನ ಒಂದು ಸ್ಕ್ರೂ. ಉದ್ದ ಬೆರಳಿನ ಒಂದು ಗೆಣ್ಣಿನಷ್ಟು.

ಉಜ್ಜುಗೊರಡು ನನ್ನದಲ್ಲ, ಕನಕಪುರದ ಕಡೆಯ ಒಬ್ಬ ಆಚಾರ್ಯರದು. ಅವರ ತಂದೆ ಕೊಂಡದ್ದು. ಸ್ಟಾನ್ಲಿ ಐದನೆಯ ನಂಬರು, ೧೪ ಅಂಗುಲದ್ದು. ಅದರಲ್ಲಿ ಅಲಗು ಕೂರುವ ಪೀಠಕ್ಕೆ ಫ್ರಾಗ್ ಎನ್ನುತ್ತಾರೆ. ಆ ಪೀಠವನ್ನು ತಳಕ್ಕೆ ಬಿಗಿಯುವ ಎರಡು ಸ್ಕ್ರೂಗಳಲ್ಲಿ ಒಂದರ ಎಳೆ ಸವೆದುಹೋಗಿದೆ. ಪೀಠ ಕೂದಲೆಳೆಯಷ್ಟು ಅಲುಗಿದರೂ ಅಲಗು ಅದುರುತ್ತದೆ. ತೆಳ್ಳನೆಯ ಸುರುಳಿ ಬರುವ ಬದಲು ಮರದ ನಾರೇ ಕಿತ್ತುಬರುತ್ತದೆ. ಉಳಿದುದೆಲ್ಲ ನೆಟ್ಟಗಿದೆ. ಇನ್ನೂ ಒಂದು ತಲೆಮಾರು ದುಡಿಯಬಲ್ಲ ಹತಾರ ಮೂಲೆ ಸೇರಿದೆ.

ಈ ಸ್ಕ್ರೂ ಅಂಗಡಿಯಲ್ಲಿಲ್ಲದ್ದಕ್ಕೆ ಕಾರಣವುಂಟು, ಅದನ್ನು ಒಪ್ಪುತ್ತೇನೆ. ಲಿಯೋನಾರ್ಡ್ ಬೈಲಿ ಎಂಬಾತನ ಉಜ್ಜುಗೊರಡಿನ ಹಕ್ಕುಗಳನ್ನು ಅಮೆರಿಕದ ಸ್ಟಾನ್ಲಿ ಕಂಪೆನಿ ೧೮೬೯ರಲ್ಲಿ ಕೊಂಡಿತು. ಸ್ಕ್ರೂಗಳಿಗೆ ಒಂದು ಕಟ್ಟುಪಾಡು ಬೇಕೆಂದು ಇಂಗ್ಲೆಂಡಿನಲ್ಲಿ ವಿಟ್‌ವರ್ತ್ ೧೮೪೧ರಲ್ಲೂ, ಅಮೆರಿಕದಲ್ಲಿ ಸೆಲ್ಲರ್ಸ್ ೧೮೬೪ರಲ್ಲೂ ಹೇಳಿಯಾಗಿತ್ತು. ಕಂಪೆನಿ ಮಾತ್ರ ತನ್ನದೇ ಅಳತೆಯನ್ನು ಹಿಡಿದು ಕೂತಿತು. ಫ್ರಾಗಿನ ಸ್ಕ್ರೂ ೧೨ನೆಯ ನಂಬರು, ಅಂಗುಲಕ್ಕೆ ೨೦ ಸುತ್ತು. ದಪ್ಪ ಸುಮಾರು ಐದೂವರೆ ಮಿಲಿಮೀಟರು. ಅಲಗನ್ನು ಅದುಮುವ ಮುಚ್ಚಳದ ಸ್ಕ್ರೂ ಅಂಗುಲದ ೯/೩೨ ಭಾಗ ದಪ್ಪ, ಅಂಗುಲಕ್ಕೆ ೨೪ ಸುತ್ತು. ನಮ್ಮಲ್ಲಾದರೋ ೧೯೫೬ರ ಕಾಯಿದೆಯಿಂದ ಮೆಟ್ರಿಕ್ ಅಳತೆ ಬಂದಿತು; ಅದು ಬಂದದ್ದು ಒಳ್ಳೆಯದೇ. ಐದು ಮಿಲಿಮೀಟರಿನದು ಆ ತೂತಿನಲ್ಲಿ ಲೊಡಲೊಡ ಎನ್ನುತ್ತದೆ, ಆರರದು ಒಳಗೆ ಹೋಗುವುದಿಲ್ಲ.

ಹೋಗದಿದ್ದರೆ ಬಿಡುತ್ತಾರೆಯೆ? ‘ಆರರದೇ ಹೊಡೀರಿ, ದಾರಿ ಮಾಡ್ಕೊಂಡು ಹೋಗತ್ತೆ’ ಎಂದು ಒಬ್ಬ ಮಹಾನುಭಾವ ನನಗೆ ಉಪದೇಶಿಸಿದ. ತಳ ಬೀಡುಕಬ್ಬಿಣದ್ದು; ಬಾಗುವ ಜಾತಿಯಲ್ಲ, ಬಿರಿಯುವ ಜಾತಿ. ಬಲವಂತ ಮಾಡಿದರೆ ಹಳೆಯ ಎಳೆ ಹಾಳಾಗುವುದು ಖಂಡಿತ, ಬಾಯಿಯ ಬಳಿ ತಳ ಸೀಳಿದರೂ ಆಶ್ಚರ್ಯವಿಲ್ಲ. ಆಗ ಹತ್ತಾರು ರೂಪಾಯಿಯ ಸ್ಕ್ರೂ ಹೋಗಿ ಇಡೀ ಹತಾರವೇ ಹೋದಂತಾಯಿತು.

ಇನ್ನು ‘ಕರೆಂಟಿನದು ತಗೊಳ್ಳಿ’ ಎನ್ನುವವರು. ಕರೆಂಟಿನ ಯಂತ್ರದ ಮೇಲೆ ನನಗೆ ದ್ವೇಷವಿಲ್ಲ. ತೊಲೆ ಹದಮಾಡಲು ಅದೇ ಸರಿ. ಆದರೆ ಮಳೆಗಾಲದಲ್ಲಿ ಉಬ್ಬಿದ ಬಾಗಿಲಿನ ಅಂಚಿನಿಂದ ಒಂದು ಎಳೆ ತೆಗೆಯಬೇಕಾದಾಗ ನಿಮ್ಮ ಮನೆಗೆ ಬರುವ ಬಡಗಿಯ ಕೈಯಲ್ಲಿ ಏನಿರಬೇಕೆಂದು ನೀವು ಬಯಸುತ್ತೀರಿ?

ನನಗೆ ಸಿಟ್ಟು ಬರುವುದು ಅಂಗಡಿಯವರ ಮೇಲಲ್ಲ. ವರ್ಷಕ್ಕೆ ಎರಡು ಹೋಗುವ ಸರಕನ್ನು ಅವರೇಕೆ ಇಟ್ಟುಕೊಂಡಾರು? ಸಿಟ್ಟು ಬರುವುದು ಲೇತಿನವರ ಬಾಯಲ್ಲೂ ಅದೇ ಮಾತು ಬಂದಾಗ. ರಾಮನಗರದಲ್ಲಿ ಒಬ್ಬರು ಸವೆದ ಸ್ಕ್ರೂವನ್ನು ಕೈಯಲ್ಲಿ ಹಿಡಿದೂ ನೋಡದೆ, ‘ಒಂದಕ್ಕೆ ಮೆಷೀನು ಕಟ್ಟಕ್ಕಾಗಲ್ಲ, ಐವತ್ತು ಮಾಡಿಸಿ’ ಎಂದರು. ನಾನು ನಿಂತಿದ್ದಾಗಲೇ ರೇಷ್ಮೆ ಬಿಚ್ಚುವ ಯಂತ್ರದ ಒಂದು ಬಿಡಿಭಾಗ ಬಂತು, ಒಂದೇ ಒಂದು. ಅದಕ್ಕೆ ಮೆಷೀನು ಕಟ್ಟಿದರು. ಒಂದನ್ನು ಮಾಡಲಾಗದೆಂಬುದು ಸುಳ್ಳು ಎಂದಾಯಿತು. ಯಂತ್ರದ ಯಜಮಾನ ಕಾಯಲಾರ, ಬಡಗಿ ಕಾಯುತ್ತಾನೆ, ವ್ಯತ್ಯಾಸ ಇಷ್ಟೇ.

ಕೆಲಸ ಕಷ್ಟದ್ದೂ ಅಲ್ಲ. ಅಂಗುಲದ ಲೀಡ್‌ಸ್ಕ್ರೂ ಇರುವ ಲೇತಿನಲ್ಲಿ ೨೦ ಸುತ್ತಾಗಲಿ ೨೪ ಸುತ್ತಾಗಲಿ ದಿನನಿತ್ಯದ ಮಾತು. ಮೆಟ್ರಿಕ್ ಲೇತಾದರೆ ೧೨೭ ಹಲ್ಲಿನ ಗೇರು ಬೇಕು. ಒಂದು ಅಂಗುಲಕ್ಕೆ ೨೫.೪ ಮಿಲಿಮೀಟರಾದ್ದರಿಂದ ಆ ಲೆಕ್ಕ. ೧೯೫೩ರಲ್ಲಿ ಎಚ್.ಎಂ.ಟಿ. ಹುಟ್ಟಿದ ಬೆಂಗಳೂರು ಇಲ್ಲಿಂದ ಒಂದು ಗಂಟೆಯ ದಾರಿ. ಬಿಡದಿಯಲ್ಲಿ ೧೯೯೯ರಿಂದ ಕಾರುಗಳು ತಯಾರಾಗುತ್ತಿವೆ. ಹಾರೋಹಳ್ಳಿಯಲ್ಲಿ ಕಾರ್ಖಾನೆಗಳ ಸಾಲೇ ಇದೆ. ಮಿಲಿಮೀಟರಿನ ನೂರನೆಯ ಭಾಗವನ್ನು ಅಳೆಯುವವರು ಕೂಗಳತೆಯಲ್ಲಿರುವ ಸೀಮೆಯಲ್ಲಿ ಒಂದು ಸ್ಕ್ರೂ ಹುಟ್ಟಲಾರದು ಎಂದರೆ ನಾನು ನಂಬಬೇಕೆ?

ಚನ್ನಪಟ್ಟಣದ ಗೊಂಬೆಯನ್ನು ಹೊಗಳದ ಮಂತ್ರಿಯಿಲ್ಲ. ಅದಕ್ಕೆ ಭೌಗೋಳಿಕ ಗುರುತು ದೊರೆತು ಸುಮಾರು ಇಪ್ಪತ್ತು ವರ್ಷವಾಯಿತು; ಬೇಕಾದದ್ದೇ. ಹಾಲೆಮರ, ಅರಗು, ಬಣ್ಣ ಎಲ್ಲವೂ ಭಾಷಣದಲ್ಲಿ ಬರುತ್ತವೆ, ಹತಾರ ಮಾತ್ರ ಬರುವುದಿಲ್ಲ. ಕೈಕಸಬನ್ನು ಕೊಂಡಾಡುವವರು ಕೈಯಲ್ಲಿರುವುದನ್ನೂ ಒಮ್ಮೆ ನೋಡಬೇಡವೆ? ನೋಡುವವರು ಇಲ್ಲವೆಂದಲ್ಲ. ಬೆಂಗಳೂರಿನ ಕೆಲವು ದೊಡ್ಡ ಮನೆಗಳಲ್ಲಿ ಹಳೆಯ ಉಜ್ಜುಗೊರಡಿಗೆ ಮೆರುಗು ಹಾಕಿ ಷೋಕೇಸಿನಲ್ಲಿಟ್ಟಿದ್ದಾರೆ. ಅದರ ಸ್ಕ್ರೂಗಳೆಲ್ಲ ಸರಿಯಾಗಿವೆ. ಅದನ್ನು ಕಂಡಾಗ ಬಿಚ್ಚಿ ಜೇಬಿಗೆ ಹಾಕಿಕೊಂಡು ಬರೋಣವೆನಿಸಿದ್ದು ಸುಳ್ಳಲ್ಲ.

ನಾನು ಕೇಳುವುದು ಇಷ್ಟು. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಟರ್ನರ್ ವಿದ್ಯಾರ್ಥಿಗಳು ಎಳೆ ಕೊರೆಯುವುದನ್ನು ಹೇಗೂ ಕಲಿಯಲೇಬೇಕು. ಅಂಗುಲದ್ದನ್ನೂ ಕಲಿಯುತ್ತಾರೆ, ಮೆಟ್ರಿಕ್ಕನ್ನೂ ಕಲಿಯುತ್ತಾರೆ. ಅಂಕ ಕೊಟ್ಟ ಮೇಲೆ ಆ ಅಭ್ಯಾಸದ ತುಂಡಿಗೆ ಬೇರೆ ಕೆಲಸವಿಲ್ಲ. ಆ ತುಂಡು ೧೨ನೆಯ ನಂಬರಿನ ೨೦ ಸುತ್ತಿನದಾಗಲಿ, ೯/೩೨ರ ೨೪ ಸುತ್ತಿನದಾಗಲಿ. ಹುಡುಗನ ಕೈ ಪಳಗುತ್ತದೆ, ಅಂಕವೂ ಬರುತ್ತದೆ, ಸ್ಕ್ರೂ ಬಡಗಿಯ ಪೆಟ್ಟಿಗೆ ಸೇರುತ್ತದೆ. ಕಬ್ಬಿಣದ ಖರ್ಚನ್ನು ಬಡಗಿಯೇ ಕೊಟ್ಟಾನು.

‘ಇಷ್ಟು ಸ್ಕ್ರೂ ಯಾರಿಗೆ ಬೇಕು?’ ಎಂದು ಟಿಪ್ಪಣಿ ಬರೆಯುವ ಅಧಿಕಾರಿಗಳು ಇದ್ದೇ ಇರುತ್ತಾರೆ. ಅವರು ಬೆಳಿಗ್ಗೆ ಏಳು ಗಂಟೆಗೆ ಕನಕಪುರದ ಬಸ್ ನಿಲ್ದಾಣದ ಬಳಿ ಕೆಲಸಕ್ಕೆ ಹೊರಟ ನಾಲ್ಕು ಮಂದಿ ಬಡಗಿಗಳ ಚೀಲ ಬಿಚ್ಚಿಸಿ ನೋಡಲಿ. ಹೋಗುವಾಗ ಅಳತೆಯ ಕ್ಯಾಲಿಪರ್ ಜೇಬಿನಲ್ಲಿರಲಿ.