ಸೈಕಲ್ ಕದ್ದರೆ ಮೂರು ವರ್ಷ, ಸೈಕಲ್ಲಿನವನನ್ನು ಕೊಂದರೆ ಎರಡು!

ಒಂದು ಸಣ್ಣ ಪ್ರಶ್ನೆ ಕೇಳ್ತೀನಿ, ಹೇಳಿ. ಮನೆ ಮುಂದೆ ನಿಲ್ಲಿಸಿದ್ದ ಸೈಕಲ್ಲನ್ನು ಒಬ್ಬ ಕದ್ದ. ಇನ್ನೊಬ್ಬ ಅಡ್ಡಾದಿಡ್ಡಿ ಕಾರು ಓಡಿಸಿ, ಅಂಥದೇ ಸೈಕಲ್ಲಿನಲ್ಲಿ ಹೋಗ್ತಿದ್ದವನಿಗೆ ಗುದ್ದಿ ಸಾಯಿಸಿದ. ಯಾರ ಅಪರಾಧ ದೊಡ್ಡದು?

ಇದೂ ಒಂದು ಪ್ರಶ್ನೆನಾ ಅಂತೀರಾ? ನಮ್ಮ ಕಾನೂನಿನ ಉತ್ತರ ಕೇಳಿ ಸ್ವಾಮಿ. ಭಾರತೀಯ ದಂಡ ಸಂಹಿತೆಯ 379ನೇ ಕಲಂ ಪ್ರಕಾರ ಕಳ್ಳತನಕ್ಕೆ ಮೂರು ವರ್ಷದವರೆಗೆ ಜೈಲು, ಅದೂ ಜಾಮೀನುರಹಿತ ಅಪರಾಧ. 304-ಎ ಪ್ರಕಾರ ನಿರ್ಲಕ್ಷ್ಯದಿಂದ ಒಬ್ಬರ ಪ್ರಾಣ ತೆಗೆದರೆ ಹೆಚ್ಚೆಂದರೆ ಎರಡು ವರ್ಷ, ಇಲ್ಲವೇ ಬರೀ ದಂಡ. ಜಾಮೀನು ಸ್ಟೇಷನ್ನಿನಲ್ಲೇ! ಈ ಕಲಂ ಸೇರಿಸಿದ್ದು 1870ರಲ್ಲಿ, ಕುದುರೆಗಾಡಿ ಕಾಲದಲ್ಲಿ. ಆಮೇಲೆ ಕಾರು ಬಂತು, ಲಾರಿ ಬಂತು, ಆರು ಪಥದ ಹೆದ್ದಾರಿ ಬಂತು... ಆ ಎರಡು ವರ್ಷ ಮಾತ್ರ 2024ರ ಜೂನ್ 30ರವರೆಗೂ ಅಲ್ಲಾಡಲಿಲ್ಲ.

"ಬೇಕಂತ ಮಾಡಿದ್ದಲ್ಲವಲ್ಲ, ಆಕ್ಸಿಡೆಂಟು" ಅನ್ನೋರು ಇದ್ದಾರೆ. ಸಾಯಿಸಿದ್ದು ಬೇಕಂತ ಅಲ್ಲ, ಒಪ್ಪಿದೆ. ಆದರೆ ಫೋನ್ ನೋಡ್ತಾ ಓಡಿಸಿದ್ದು? ಕುಡಿದು ಸ್ಟೀರಿಂಗ್ ಹಿಡಿದಿದ್ದು? ಎದುರಿಗೆ ಬರುವ ಸೈಕಲ್ಲನ್ನು ಲೆಕ್ಕಕ್ಕೇ ಇಡದೆ ಓವರ್‌ಟೇಕ್ ಮಾಡಿದ್ದು? ಅದೆಲ್ಲ ಬೇಕಂತಲೇ ತಾನೆ? ಚಾಲಕನ ತಪ್ಪಿಲ್ಲದ ಅಪಘಾತಕ್ಕೆ ಈ ಕಲಂ ತಗಲುವುದೇ ಇಲ್ಲ, ನಿರ್ಲಕ್ಷ್ಯ ಸಾಬೀತಾಗಲೇಬೇಕು. ಸಾಬೀತಾದ ಮೇಲಿನ ಕಥೆ ನಾನು ಹೇಳ್ತಿರೋದು.

ಪಂಜಾಬಿನ ಒಂದು ಪ್ರಕರಣ ನೋಡಿ. ಕಾರು ಗುದ್ದಿ ಸ್ಕೂಟರಿನಲ್ಲಿದ್ದ ಇಬ್ಬರು ಸತ್ತರು. ಕೆಳ ನ್ಯಾಯಾಲಯ ಕೊಟ್ಟಿದ್ದು ಒಂದು ವರ್ಷ. ಹೈಕೋರ್ಟು, ಆರೋಪಿ ಅಷ್ಟರಲ್ಲಿ ಕಳೆದಿದ್ದ 24 ದಿನವೇ ಸಾಕು ಅಂದಿತು. ಎರಡು ಜೀವ, 24 ದಿನ! 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಆರು ತಿಂಗಳಿಗೆ ಏರಿಸಿ, ಈ ಶಿಕ್ಷೆಯನ್ನು ಮರುಪರಿಶೀಲಿಸಿ ಅಂತ ಶಾಸನ ಮಾಡುವವರಿಗೆ ಹೇಳಿತು.

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಬಂತು. 106ನೇ ಕಲಂನಲ್ಲಿ ಎರಡು ವರ್ಷ ಐದಾಯಿತು, ಬರೀ ದಂಡ ಕಟ್ಟಿ ಹೋಗುವ ದಾರಿ ಮುಚ್ಚಿತು. ಸಂತೋಷ. ಆದರೆ ಐದು ಅನ್ನೋದು ಗರಿಷ್ಠ, ಕನಿಷ್ಠ ಇಷ್ಟು ಅಂತ ಎಲ್ಲೂ ಇಲ್ಲ. ಜಾಮೀನು ಮೊದಲಿನ ಹಾಗೇ ಸಲೀಸು. ಗುದ್ದಿ, ಯಾರಿಗೂ ತಿಳಿಸದೆ ಪರಾರಿಯಾದರೆ ಹತ್ತು ವರ್ಷ ಎಂಬ ಎರಡನೇ ಉಪಕಲಂ ಇತ್ತಲ್ಲ? 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದರು. ಇಡೀ ಸಂಹಿತೆ ಜಾರಿಗೆ ಬಂದಾಗ ಆ ಒಂದು ಉಪಕಲಂ ಹೊರಗೇ ಉಳಿಯಿತು. ನಿಂತರೆ ಜನ ಹೊಡೆದು ಕೊಲ್ಲುತ್ತಾರೆ ಅನ್ನೋ ಚಾಲಕರ ಭಯ ಸುಳ್ಳಲ್ಲ. ಆದರೆ ಅಲ್ಲೇ ನಿಲ್ಲಿ ಅಂತ ಆ ಕಾನೂನು ಹೇಳಿರಲಿಲ್ಲ. ಬೇಗ ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸಿ ಅಂದಿತ್ತು, ಅಷ್ಟೆ.

ಸಾಯೋರು ಯಾರು? ಬೆಳಗಿನ ಜಾವ ಹಾಲು, ಪೇಪರ್ ಹಾಕೋರು. ಬುತ್ತಿ ಕಟ್ಟಿಕೊಂಡು ಹೊರಟ ಗಾರೆ ಕೆಲಸದವರು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1.68 ಲಕ್ಷ ಜನರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸೈಕಲ್ ಸವಾರರು. ಇವರು ಮುಷ್ಕರ ಮಾಡಿದರೆ ಯಾವ ಪೆಟ್ರೋಲ್ ಬಂಕ್ ಮುಂದೆಯೂ ಕ್ಯೂ ನಿಲ್ಲೋದಿಲ್ಲ! ನಮ್ಮ ರಾಜ್ಯ ಸರಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಹಂಚಲು ಶುರುಮಾಡಿತು. ಒಳ್ಳೆ ಕೆಲಸವೇ. ಆದರೆ ಆ ಮಕ್ಕಳು ಸೈಕಲ್ ತುಳಿದಿದ್ದು ಇದೇ ರಸ್ತೆಗಳಲ್ಲಿ, ಇದೇ ಎರಡು ವರ್ಷದ ಕಾನೂನಿನ ಭರವಸೆಯಲ್ಲಿ.

ಯಾರನ್ನೂ ಗಲ್ಲಿಗೇರಿಸಿ ಅಂತಿಲ್ಲ ನಾನು. ತಪ್ಪು ಸಾಬೀತಾದರೆ ಕೋರ್ಟು ಇಳಿಸಲಾಗದ ಒಂದು ಕನಿಷ್ಠ ಶಿಕ್ಷೆ ಇರಲಿ. ಲೈಸೆನ್ಸ್ ಅನರ್ಹಗೊಳಿಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯಲ್ಲಿ ಕೋರ್ಟಿಗೆ ಇದ್ದೇ ಇದೆ. ಇಂಥ ಸಾವುಗಳಲ್ಲಿ ಅದು ಕಡ್ಡಾಯವಾಗಲಿ, ವರ್ಷಗಟ್ಟಲೆ ಸ್ಟೀರಿಂಗ್ ಮುಟ್ಟದ ಹಾಗೆ. ಜೈಲಿಗಿಂತ ಇದಕ್ಕೇ ನಮ್ಮ ಜನ ಹೆಚ್ಚು ಹೆದರುತ್ತಾರೆ ಅಂತ ನನ್ನ ಅನಿಸಿಕೆ.

ಕಬ್ಬಿಣದ ಸೈಕಲ್ಲಿಗಿರುವ ಬೆಲೆಯಾದರೂ ಅದನ್ನು ತುಳಿಯುವವನ ಜೀವಕ್ಕೆ ಬೇಡವಾ? ನೀವೇನಂತೀರಿ?