ರಾಷ್ಟ್ರಪತಿ, ಸುಪ್ರೀಮ್ ಕೋರ್ಟು ಮತ್ತು ಕಾಗೋಡಿನ ಕೊಳಗ

ಸರಕಾರಿ ಕಚೇರಿಗೆ ಅರ್ಜಿ ಹಾಕಿ ಕಾದವರಿಗೆಲ್ಲ ಒಂದು ಸಂಗತಿ ಚೆನ್ನಾಗಿ ಗೊತ್ತು. ಅರ್ಜಿ ಮಂಜೂರಾದರೆ ಸಂತೋಷ. ತಿರಸ್ಕೃತವಾದರೆ ಮೇಲ್ಮನವಿಗೆ ದಾರಿಯಿದೆ. ಆದರೆ ಎರಡೂ ಆಗದೆ ಕಡತ ಕಪಾಟಿನಲ್ಲೇ ಉಳಿದರೆ ಅರ್ಜಿದಾರನಿಗೆ ಯಾವ ದಾರಿಯೂ ಉಳಿಯುವುದಿಲ್ಲ. ಒಬ್ಬ ಬಡ ಅರ್ಜಿದಾರನ ಈ ಪಾಡು ಜನರು ಆರಿಸಿದ ಒಂದು ವಿಧಾನಸಭೆಗೇ ಬಂದರೆ ಏನು ಗತಿ? 2025ರಲ್ಲಿ ರಾಷ್ಟ್ರಪತಿ ಭವನ ಮತ್ತು ಸುಪ್ರೀಮ್ ಕೋರ್ಟಿನ ನಡುವೆ ತಲೆದೋರಿದ ತಿಕ್ಕಾಟದ ತಿರುಳು ಇದೇ ಆಗಿತ್ತು.

ತಮಿಳುನಾಡು ವಿಧಾನಸಭೆ ಮರಳಿ ಅಂಗೀಕರಿಸಿ ಕಳುಹಿಸಿದ ಹತ್ತು ಮಸೂದೆಗಳಿಗೆ ಅಲ್ಲಿನ ರಾಜ್ಯಪಾಲರು ಅಂಕಿತ ಹಾಕದೆ, ಅವನ್ನು ರಾಷ್ಟ್ರಪತಿಗಳ ಪರಿಗಣನೆಗೆಂದು ಕಾದಿರಿಸಿದ್ದರು. 2025ರ ಏಪ್ರಿಲ್ 8ರಂದು ಸುಪ್ರೀಮ್ ಕೋರ್ಟಿನ ದ್ವಿಸದಸ್ಯ ಪೀಠವು ಈ ಕ್ರಮವನ್ನು ಕಾನೂನುಬಾಹಿರವೆಂದು ಸಾರಿ, ಹತ್ತೂ ಮಸೂದೆಗಳಿಗೆ ಅಂಕಿತ ದೊರೆತಂತೆಯೇ ಎಂದು ಘೋಷಿಸಿತು. ಮಾತ್ರವಲ್ಲ, ತನ್ನ ಮುಂದೆ ಬಂದ ಮಸೂದೆಯನ್ನು ರಾಷ್ಟ್ರಪತಿಗಳು ಮೂರು ತಿಂಗಳೊಳಗೆ ತೀರ್ಮಾನಿಸಬೇಕು, ತಡವಾದರೆ ಕಾರಣ ತಿಳಿಸಬೇಕು ಎಂದೂ ಹೇಳಿತು. ದೆಹಲಿಯಲ್ಲಿ ಅಸಮಾಧಾನ ಭುಗಿಲೆದ್ದಿತು. ನ್ಯಾಯಾಲಯಕ್ಕೆ ವಿಶೇಷಾಧಿಕಾರ ನೀಡುವ ಸಂವಿಧಾನದ 142ನೇ ವಿಧಿಯನ್ನು ಆಗಿನ ಉಪರಾಷ್ಟ್ರಪತಿ ಜಗದೀಪ್ ಧನಕರ್ ಅಣ್ವಸ್ತ್ರ ಕ್ಷಿಪಣಿಗೆ ಹೋಲಿಸಿದರು. ಮೇ 13ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು 143ನೇ ವಿಧಿಯನ್ವಯ ಹದಿನಾಲ್ಕು ಪ್ರಶ್ನೆಗಳನ್ನು ಸುಪ್ರೀಮ್ ಕೋರ್ಟಿಗೇ ಕಳುಹಿಸಿ ಅಭಿಪ್ರಾಯ ಕೇಳಿದರು.

ಇಲ್ಲೊಂದು ಮಾತನ್ನು ಮರೆಯಬಾರದು. 74ನೇ ವಿಧಿಯ ಪ್ರಕಾರ ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕಾದವರು. ಆದ್ದರಿಂದ ಇದು ಒಬ್ಬ ವ್ಯಕ್ತಿಗೂ ನ್ಯಾಯಾಲಯಕ್ಕೂ ನಡುವಿನ ಜಗಳವಲ್ಲ. ವಸ್ತುತಃ ಇದು ಕೇಂದ್ರ ಸರಕಾರ ಮತ್ತು ನ್ಯಾಯಾಂಗದ ನಡುವಿನ ಪ್ರಶ್ನೆ. ರಾಷ್ಟ್ರಪತಿ ಪೀಠದ ಘನತೆಯನ್ನು ಮುಂದಿಟ್ಟು ಪ್ರಶ್ನೆಯನ್ನೇ ಮುಚ್ಚಿಹಾಕುವುದು ಸರಿಯಲ್ಲ.

ಅಂತಹ ಪ್ರಶ್ನೆಯನ್ನು ಮೊದಲು ಕೇಳಿದವರಲ್ಲಿ ನಮ್ಮ ಕರ್ನಾಟಕವೂ ಇದೆ. 1989ರ ಏಪ್ರಿಲ್‌ನಲ್ಲಿ ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆಂಬ ಪತ್ರಗಳನ್ನು ನಂಬಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರು ದೆಹಲಿಗೆ ವರದಿ ಕಳುಹಿಸಿದರು. ಅವರಲ್ಲಿ ಏಳು ಮಂದಿ ತಿರುಗಿ ಬೊಮ್ಮಾಯಿಯವರ ಪರ ನಿಂತರು. ವಿಧಾನಸಭೆಯಲ್ಲಿಯೇ ಬಹುಮತ ಸಾಬೀತುಪಡಿಸುವೆನೆಂದು ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಹೇಳಿದರೂ ಕೇಳುವವರಿರಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿಗಳ ಘೋಷಣೆ ಹೊರಬಿದ್ದು ಸರಕಾರ ವಜಾಗೊಂಡಿತು. 1994ರ ಮಾರ್ಚ್ 11ರಂದು ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು ಅಂತಹ ಘೋಷಣೆಯೂ ನ್ಯಾಯಾಂಗದ ಪರಿಶೀಲನೆಗೆ ಒಳಪಟ್ಟದ್ದೆಂದೂ, ಬಹುಮತದ ಪರೀಕ್ಷೆ ನಡೆಯಬೇಕಾದುದು ರಾಜಭವನದಲ್ಲಲ್ಲ, ಸದನದಲ್ಲೆಂದೂ ತೀರ್ಪಿತ್ತಿತು. ಅಷ್ಟರಲ್ಲಿ ಚುನಾವಣೆ ಮುಗಿದು ಬೊಮ್ಮಾಯಿಯವರಿಗೆ ಅಧಿಕಾರವೇನೂ ಮರಳಲಿಲ್ಲ. ಆದರೆ ಅವರು ಗೆದ್ದುಕೊಟ್ಟ ನಿಯಮ ಆ ಬಳಿಕ ಎಷ್ಟೋ ಸರಕಾರಗಳನ್ನು ಕಾಪಾಡಿತು.

ನೆರೆಯ ಪಾಕಿಸ್ತಾನದಲ್ಲಿ 2007ರಲ್ಲಿ ಅಧ್ಯಕ್ಷ ಪರ್ವೇಜ್ ಮುಷರಫ್ ಮುಖ್ಯ ನ್ಯಾಯಾಧೀಶ ಇಫ್ತಿಖಾರ್ ಚೌಧರಿಯವರನ್ನು ಅಮಾನತುಗೊಳಿಸಿದರು. ನವೆಂಬರ್‌ನಲ್ಲಿ ತುರ್ತುಸ್ಥಿತಿ ಹೇರಿ ನ್ಯಾಯಾಧೀಶರನ್ನು ಗೃಹಬಂಧನದಲ್ಲಿರಿಸಿದರು. ನಮ್ಮಲ್ಲಿ ಭಿನ್ನಾಭಿಪ್ರಾಯವು ಪ್ರಶ್ನಾವಳಿಯ ರೂಪದಲ್ಲಿ ನ್ಯಾಯಾಲಯದ ಬಾಗಿಲಿಗೆ ಬಂತು ಎಂಬುದು ಸಮಾಧಾನದ ವಿಷಯ. ಹಾಗೆಂದು ಅಷ್ಟಕ್ಕೇ ತೃಪ್ತರಾಗಬೇಕೇ?

2025ರ ನವೆಂಬರ್ 20ರಂದು ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ನೇತೃತ್ವದ ಐವರ ಪೀಠ ತನ್ನ ಅಭಿಪ್ರಾಯ ನೀಡಿತು. ರಾಷ್ಟ್ರಪತಿಗಾಗಲಿ ರಾಜ್ಯಪಾಲರಿಗಾಗಲಿ ನ್ಯಾಯಾಲಯ ಗಡುವು ವಿಧಿಸುವಂತಿಲ್ಲ. ಅಂಕಿತ ದೊರೆತಂತೆಯೇ ಎಂದು ಘೋಷಿಸುವಂತೆಯೂ ಇಲ್ಲ. ಆದರೆ ರಾಜ್ಯಪಾಲರು ಮಸೂದೆಯನ್ನು ಸದನಕ್ಕೆ ಹಿಂತಿರುಗಿಸದೆ ಸುಮ್ಮನೆ ತಡೆದಿಡುವಂತಿಲ್ಲ. ಕಾರಣವಿಲ್ಲದೆ ದೀರ್ಘಕಾಲ ಸುಮ್ಮನಿದ್ದರೆ, ಸಮಂಜಸ ಅವಧಿಯಲ್ಲಿ ತೀರ್ಮಾನಿಸಿರೆಂದು ಸೂಚಿಸುವ ಸೀಮಿತ ಅಧಿಕಾರ ನ್ಯಾಯಾಲಯಕ್ಕಿದೆ. ನ್ಯಾಯಾಧೀಶರು ರಾಷ್ಟ್ರಪತಿಗಳ ಪರವಾಗಿ ರುಜು ಹಾಕಬಾರದೆಂಬ ಮಾತನ್ನು ನಾವು ಒಪ್ಪುತ್ತೇವೆ. ಆದರೆ ‘ಸಮಂಜಸ ಅವಧಿ’ ಎಂದರೆ ಎಷ್ಟು? ಮೂರು ತಿಂಗಳೇ, ಮೂರು ವರ್ಷವೇ?

ಈ ಪ್ರಶ್ನೆ ನಮ್ಮ ಮನೆಬಾಗಿಲಿಗೂ ಬಂದಿದೆ. 2025ರ ಮಾರ್ಚ್‌ನಲ್ಲಿ ಕರ್ನಾಟಕ ವಿಧಾನಮಂಡಲವು ಎರಡು ಕೋಟಿ ರೂಪಾಯಿವರೆಗಿನ ಸರಕಾರಿ ಕಾಮಗಾರಿಗಳ ಗುತ್ತಿಗೆಯಲ್ಲಿ ಪ್ರವರ್ಗ 2ಬಿಗೆ ಶೇ. 4ರ ಮೀಸಲಾತಿ ನೀಡುವ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ಧರ್ಮಾಧಾರಿತ ಮೀಸಲಾತಿಯ ಪ್ರಶ್ನೆ ಎತ್ತಿ ರಾಜ್ಯಪಾಲ ಥಾವರ್ ಚಂದ್ ಗೆಹಲೋಟ್ ಅವರು ಏಪ್ರಿಲ್‌ನಲ್ಲಿ ಅದನ್ನು ರಾಷ್ಟ್ರಪತಿಗಳ ಪರಿಗಣನೆಗೆ ಕಾದಿರಿಸಿದರು. ಈ ಮಸೂದೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆದರೆ ಅದನ್ನು ನೆಚ್ಚಿದವನಿಗೂ ವಿರೋಧಿಸಿದವನಿಗೂ ಒಂದು ಉತ್ತರ ಸಿಗಬೇಕೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕು. 2010ರಲ್ಲಿ ಇದೇ ವಿಧಾನಮಂಡಲ ಕಠಿಣವಾದ ಗೋಹತ್ಯಾ ನಿಷೇಧ ಮಸೂದೆಯನ್ನು ಅಂಗೀಕರಿಸಿತ್ತು. ಆಗಿನ ರಾಜ್ಯಪಾಲ ಹಂಸರಾಜ್ ಭಾರದ್ವಾಜ್ ಅದನ್ನು ರಾಷ್ಟ್ರಪತಿಗಳಿಗೆ ಕಳುಹಿಸಿದರು. ಅಂಕಿತ ದೊರೆಯದೆ ಅದು ಕಾನೂನಾಗಲಿಲ್ಲ. ಅಂದು ನಮ್ಮಲ್ಲೆಷ್ಟು ಮಂದಿ ಆ ವಿಳಂಬವನ್ನು ಪ್ರಶ್ನಿಸಿದೆವು? ಮಸೂದೆ ದೆಹಲಿಯಲ್ಲೇ ಇರಲಿ ಎಂದು ಹಾರೈಸಿದವರೇ ಹೆಚ್ಚು. ಫಲವೇನಾಯಿತು? ಹತ್ತು ವರ್ಷಗಳ ಬಳಿಕ, 2021ರಲ್ಲಿ, ಅದೇ ಉದ್ದೇಶದ ಕಾನೂನು ಜಾರಿಗೆ ಬಂತು. ಮೌನವು ಕೊಡುವ ರಕ್ಷಣೆ ಮೌನ ಇರುವವರೆಗೆ ಮಾತ್ರ. ಕಾರಣ ಬರೆದು ಕೊಟ್ಟ ತೀರ್ಮಾನವಾದರೋ ಮುಂದಿನ ವಾದಕ್ಕೆ ಆಧಾರವಾಗಿ ಉಳಿಯುತ್ತದೆ. ನಮಗೆ ಬೇಡದ ಮಸೂದೆ ಕಪಾಟಿನಲ್ಲಿರಲಿ, ಬೇಕಾದದ್ದು ಕೂಡಲೇ ಹೊರಬರಲಿ ಎನ್ನುವುದು ನ್ಯಾಯವಲ್ಲ, ಬರೀ ಅನುಕೂಲ.

ಎರಡು ಅಳತೆ ಇಟ್ಟುಕೊಂಡರೆ ಏನಾಗುತ್ತದೆಂಬುದನ್ನು ಕೆಳದಿ ಸೀಮೆಯ ಮಣ್ಣಿಗೆ ಯಾರೂ ಕಲಿಸಬೇಕಿಲ್ಲ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಒಡೆಯರು ನಿಗದಿತ ಅಳತೆಗಿಂತ ದೊಡ್ಡ ಕೊಳಗದಲ್ಲಿ ಗೇಣಿ ಭತ್ತ ಅಳೆದುಕೊಳ್ಳುತ್ತಾರೆಂಬುದು ಅವರ ಮುಖ್ಯ ದೂರುಗಳಲ್ಲೊಂದಾಗಿತ್ತು. ಭತ್ತ ಕೊಡುವುದಿಲ್ಲವೆಂದು ಅವರು ಹೇಳಲಿಲ್ಲ. ಕೊಳಗದ ಗಾತ್ರ ಎಲ್ಲರಿಗೂ ಗೊತ್ತಿರಲಿ, ಎಲ್ಲರಿಗೂ ಒಂದೇ ಇರಲಿ ಎಂದರು. ಜೈಲಿಗೂ ಹೋದರು. ಮುಂದೆ ಕರ್ನಾಟಕ ಕಂಡ ಭೂಸುಧಾರಣೆಗೆ ಆ ಹೋರಾಟವೂ ಒಂದು ಬೀಜವಾಯಿತು.

ಇಂದು 200 ಮತ್ತು 201ನೇ ವಿಧಿಗಳಲ್ಲಿರುವುದು ಗಾತ್ರ ಗೊತ್ತಿಲ್ಲದ ಕೊಳಗ. ರಾಷ್ಟ್ರಪತಿಗಳು ಮಸೂದೆಯನ್ನು ಸದನಕ್ಕೆ ಮರಳಿಸಿದರೆ ಸದನವು ಆರು ತಿಂಗಳೊಳಗೆ ಮರುಪರಿಶೀಲಿಸಬೇಕೆಂದು 201ನೇ ವಿಧಿ ವಿಧಿಸುತ್ತದೆ. ಜನರು ಆರಿಸಿದ ಸದನಕ್ಕೆ ಗಡುವು ಇದೆ, ದೆಹಲಿಗೆ ಇಲ್ಲ! ಅಚ್ಚರಿಯೆಂದರೆ 2016ರಲ್ಲಿ ಕೇಂದ್ರ ಗೃಹ ಸಚಿವಾಲಯವೇ ಇಂತಹ ಮಸೂದೆಗಳ ತೀರ್ಮಾನಕ್ಕೆ ಮೂರು ತಿಂಗಳ ಮಿತಿಯನ್ನು ತನ್ನ ಜ್ಞಾಪನದಲ್ಲಿ ಸೂಚಿಸಿತ್ತು. ತಾನೇ ಬರೆದುಕೊಂಡ ಮಿತಿಯನ್ನು ನ್ಯಾಯಾಲಯ ನೆನಪಿಸಿದಾಗ ಅದು ಅತಿಕ್ರಮಣ ಹೇಗಾಯಿತು?

ನ್ಯಾಯಾಲಯ ಗಡುವು ವಿಧಿಸಬಾರದೆಂದಾದರೆ ಸಂಸತ್ತು ವಿಧಿಸಲಿ. ಅಂಕಿತಕ್ಕೆ ಕಾಲಮಿತಿ, ನಿರಾಕರಣೆಗೆ ಲಿಖಿತ ಕಾರಣ, ಇವೆರಡನ್ನು ಸಂವಿಧಾನಕ್ಕೆ ಸೇರಿಸುವ ತಿದ್ದುಪಡಿ ತರಲಿ. ಇದರಿಂದ ರಾಷ್ಟ್ರಪತಿ ಪೀಠದ ಗೌರವ ಕುಂದುವುದಿಲ್ಲ, ಹೆಚ್ಚುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಮತ ಕೇಳಲು ಬರುವವರನ್ನು ನಾವು ರಸ್ತೆ, ಸೇತುವೆಗಳ ಬಗ್ಗೆ ಪ್ರಶ್ನಿಸುತ್ತೇವೆ. ಇನ್ನು ಮುಂದೆ ಶಾಸಕರೊಡನೆ, ‘ನೀವು ಕೈಯೆತ್ತಿ ಅಂಗೀಕರಿಸಿದ ಮಸೂದೆ ಎಲ್ಲಿದೆ?’ ಎಂದೂ, ಸಂಸದರೊಡನೆ, ‘ಗಡುವಿಗಾಗಿ ನೀವು ದನಿಯೆತ್ತುವಿರಾ?’ ಎಂದೂ ಕೇಳೋಣ. ನಮಗೆ ಇಷ್ಟವಾದ ಮಸೂದೆಗೂ, ಇಷ್ಟವಿಲ್ಲದ ಮಸೂದೆಗೂ ಇದೇ ಪ್ರಶ್ನೆ ಕೇಳೋಣ. ಕಾಗೋಡಿನ ಗೇಣಿದಾರರು ಕೇಳಿದ್ದೂ ಇಷ್ಟನ್ನೇ.