ಅಪ್ಪನ ಮನೆಗೆ ಬಾಡಿಗೆ ರಶೀದಿ

ಕಳೆದ ತಿಂಗಳು ಅಡಿಕೆ ತೂಗಿಸಲು ಬಂದ ಹಿರಿಯ ಸದಸ್ಯರೊಬ್ಬರು ತೂಕದ ಚೀಟಿ ಪಡೆದ ಮೇಲೂ ಹೊರಡದೆ ನನ್ನ ಮೇಜಿನ ಎದುರು ಕುಳಿತು, ಅಂಗಿಯ ಕಿಸೆಯಿಂದ ಒಂದು ಕಟ್ಟು ಕಾಗದ ತೆಗೆದರು. ಹನ್ನೆರಡು ಬಾಡಿಗೆ ರಶೀದಿಗಳು. ಎಪ್ರಿಲ್‌ನಿಂದ ಮಾರ್ಚ್‌ವರೆಗೆ ಒಂದೇ ಕೈಬರಹ, ಒಂದೇ ಶಾಯಿ, ಒಂದೊಂದಕ್ಕೂ ಒಂದು ರೂಪಾಯಿಯ ರೆವೆನ್ಯೂ ಸ್ಟಾಂಪು. ಸಹಿ ಮಾತ್ರ ಬಾಕಿ.

"ಮಗ ಕೊಟ್ಟದ್ದು. ಅವನ ಆಫೀಸಿಗೆ ಬೇಕಂತೆ. ಸಹಿ ಹಾಕಿದರೆ ನನಗೆ ಏನಾದರೂ ತೊಂದರೆ ಉಂಟೋ, ಸೆಕ್ರೆಟರಿಯವರೇ?" ಎಂದರು.

ಮಗ ಪುತ್ತೂರಿನಲ್ಲಿ ಬ್ಯಾಂಕ್ ನೌಕರ. ಇರುವುದು ಇಲ್ಲೇ ಬೆಟ್ಟಂಪಾಡಿಯಲ್ಲಿ, ಅಪ್ಪನ ಮನೆಯ ಮಾಳಿಗೆಯಲ್ಲಿ. ಬಾಡಿಗೆ ಕೊಡುತ್ತಾನೋ ಎಂದು ಕೇಳಿದೆ. "ಕೊಡುವುದೆಂತದ್ದು ಮಾರಾಯ್ರೆ, ಮಗನಲ್ಲವೋ!" ಎಂದು ನಕ್ಕುಬಿಟ್ಟರು.

ಹಾಗಾದರೆ ಸಹಿ ಹಾಕಬೇಡಿ ಎಂದೆ. ಅವರಿಗೆ ಬೇಸರವಾಯಿತು. ಊರಲ್ಲಿ ಎಲ್ಲರೂ ಮಾಡುವುದನ್ನು ನಾನೊಬ್ಬ ಬೇಡವೆನ್ನುತ್ತೇನೆಂದು ಅವರಿಗೆ ತೋರಿರಬೇಕು. ಇಂಥ ಕಟ್ಟು ಹಿಡಿದು ಬರುವವರು ಅವರೊಬ್ಬರೇ ಅಲ್ಲವಾದುದರಿಂದ ಈ ವಿಷಯವನ್ನು ಸದಸ್ಯ ಬಂಧುಗಳೆಲ್ಲರ ಮುಂದಿಡುತ್ತಿದ್ದೇನೆ.

ಮೊದಲನೆಯದಾಗಿ, ಮಗನೋ ಮಗಳೋ ತಂದೆತಾಯಿಗೆ ಮನೆ ಬಾಡಿಗೆ ಕೊಟ್ಟು, ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆಗೆ ತೆರಿಗೆ ವಿನಾಯಿತಿ ಕೇಳುವುದು ಕಾನೂನಿಗೆ ವಿರುದ್ಧವಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 10(13ಎ) ಕಲಮು ಎರಡು ಸಂದರ್ಭಗಳಲ್ಲಿ ಮಾತ್ರ ವಿನಾಯಿತಿ ಇಲ್ಲವೆಂದಿತು: ನೌಕರ ತನ್ನ ಸ್ವಂತ ಮನೆಯಲ್ಲಿದ್ದರೆ, ಮತ್ತು ನಿಜವಾಗಿ ಬಾಡಿಗೆ ಕೊಡದಿದ್ದರೆ. ಮಾಲಿಕ ಬಂಧುವಾಗಿರಕೂಡದೆಂದು ಅದು ಹೇಳಲಿಲ್ಲ. 2025ರಲ್ಲಿ ಹೊಸ ಕಾಯ್ದೆ ಬಂದಿತು. ಅದರಲ್ಲಿಯೂ ಈ ವಿನಾಯಿತಿ ಉಳಿದಿದೆ. ಇಂಗ್ಲೆಂಡಿನ ಹೌಸಿಂಗ್ ಬೆನಿಫಿಟ್ ಎಂಬ ಸರಕಾರಿ ನೆರವಿನ ನಿಯಮ ಇದಕ್ಕಿಂತ ಬಿಗಿ: ಮನೆಯೊಡೆಯ ಹತ್ತಿರದ ಬಂಧುವಾಗಿದ್ದು, ಬಾಡಿಗೆದಾರನೂ ಅದೇ ಮನೆಯಲ್ಲಿ ಜೊತೆಗಿದ್ದರೆ ನೆರವೇ ಇಲ್ಲ. ನಮ್ಮಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ. 2013ರಲ್ಲಿ ಅಹಮದಾಬಾದಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ, ಒಂದೇ ಮನೆಯಲ್ಲಿದ್ದ ಗಂಡ ಹೆಂಡತಿಗೆ ಕೊಟ್ಟ ಬಾಡಿಗೆಯನ್ನೂ ಒಪ್ಪಿತು. ಆದರೆ 2017ರಲ್ಲಿ ಮುಂಬಯಿ ನ್ಯಾಯಮಂಡಳಿ, ಮಗಳು ತಾಯಿಗೆ ಕೊಟ್ಟೆನೆಂದ ಬಾಡಿಗೆಯನ್ನು ಒಪ್ಪಲಿಲ್ಲ. ನಗದಾಗಿ ಕೊಟ್ಟೆನೆಂದರು, ಕೊಟ್ಟದ್ದಕ್ಕೆ ಆಧಾರವಿರಲಿಲ್ಲ. ಅಲ್ಲಿ ವಾಸವಿದ್ದುದಕ್ಕೂ ಸಾಕ್ಷ್ಯ ನಿಲ್ಲಲಿಲ್ಲ. ರಶೀದಿಯೊಂದೇ ಸಾಕಾಗುವುದಿಲ್ಲ, ಹಣ ಕೈಯಿಂದ ಕೈಗೆ ದಾಟಿರಬೇಕು.

ಇನ್ನು ಲೆಕ್ಕ. ನಮ್ಮ ಸದಸ್ಯರ ಮಗನದನ್ನೇ ಹೋಲುವ ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ ರೂ. 60,000, ಬಾಡಿಗೆ ಭತ್ಯೆ ರೂ. 6,000, ಅಪ್ಪನಿಗೆ ಕೊಡುವುದು ರೂ. 8,000 ಎಂದಿರಲಿ. ವರ್ಷಕ್ಕೆ ಪಡೆದ ಭತ್ಯೆ ರೂ. 72,000. ಕೊಟ್ಟ ಬಾಡಿಗೆ ರೂ. 96,000ದಿಂದ ಸಂಬಳದ ಶೇ. 10, ಅಂದರೆ ರೂ. 72,000 ಕಳೆದರೆ ಉಳಿಯುವುದು ರೂ. 24,000. ಪುತ್ತೂರಿನಂಥ ಊರಿಗೆ ಸಂಬಳದ ಶೇ. 40 ಎಂದರೆ ರೂ. 2,88,000. ಈ ಮೂರರಲ್ಲಿ ಕನಿಷ್ಠದ್ದಕ್ಕೆ ಮಾತ್ರ, ಎಂದರೆ ರೂ. 24,000ಕ್ಕೆ, ವಿನಾಯಿತಿ. ಶೇ. 20ರ ದರದಲ್ಲಿ ಸೆಸ್ ಸೇರಿ ಉಳಿಯುವ ತೆರಿಗೆ ರೂ. 4,992.

ಇಷ್ಟಕ್ಕೆ ಹನ್ನೆರಡು ಸುಳ್ಳು ಸಹಿ! ಅದೂ ನಿಜವಾಗಿ ಉಳಿಯುವುದಿಲ್ಲ. ಈ ವಿನಾಯಿತಿ ಇರುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 2023-24ರಿಂದ, ಬೇರೆ ಕೇಳದಿದ್ದರೆ ಹೊಸ ಪದ್ಧತಿಯೇ ಅನ್ವಯ. ಅದರಲ್ಲಿ 2025-26ರ ಸಾಲಿನಿಂದ ರೂ. 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. ಈ ಹುಡುಗನ ವರ್ಷದ ಸಂಬಳ ರೂ. 7,92,000, ಹೊಸ ಪದ್ಧತಿಯಲ್ಲಿ ಸೊನ್ನೆ. ಹಳೆಯದರಲ್ಲಿ ಸ್ಟಾಂಡರ್ಡ್ ಡಿಡಕ್ಷನ್ ರೂ. 50,000, ವಿಮೆ-ಭವಿಷ್ಯನಿಧಿಯ ರೂ. 1,50,000, ಬಾಡಿಗೆಯ ರೂ. 24,000 ಎಲ್ಲ ಕಳೆದರೂ ರೂ. 27,144 ಕಟ್ಟಬೇಕು. ಅಪ್ಪನಿಂದ ಸಹಿ ಹಾಕಿಸಿಕೊಳ್ಳುವ ಮೊದಲು ಒಂದು ಹಾಳೆಯಲ್ಲಿ ಇಷ್ಟು ಕೂಡಿಸಿ ಕಳೆಯುವ ವ್ಯವಧಾನ ನಮ್ಮ ಓದಿದ ಮಕ್ಕಳಿಗೆ ಇಲ್ಲದಿರುವುದು ನನಗೆ ಆಶ್ಚರ್ಯ. ದೊಡ್ಡ ಸಂಬಳ, ದೊಡ್ಡ ಭತ್ಯೆ ಇದ್ದು ಮನೆಸಾಲದ ಬಡ್ಡಿಯಂಥ ಬೇರೆ ಕಡಿತಗಳೂ ಇರುವವರಿಗೆ ಹಳೆಯ ಪದ್ಧತಿ ಪ್ರಯೋಜನವಾದೀತು. ಅಂಥವರು ಎರಡನ್ನೂ ಹಾಕಿ ನೋಡಲಿ.

ತಂದೆಯ ಕಡೆಯ ಮಾತು. "ನಾವು ಕೃಷಿಕರು, ನಮಗೆ ತೆರಿಗೆ ಇಲ್ಲ" ಎಂಬುದು ಅರ್ಧ ಸತ್ಯ. ತೋಟದೊಳಗಿನ ಮನೆಯಾದರೂ ವಾಸಕ್ಕೆ ಬಾಡಿಗೆಗೆ ಕೊಟ್ಟರೆ ಅದು ಕೃಷಿ ಆದಾಯವಲ್ಲವೆಂದು 2000ನೇ ಇಸವಿಯ ಹಣಕಾಸು ಕಾಯ್ದೆ ಸ್ಪಷ್ಟಪಡಿಸಿದೆ. ರೂ. 96,000ದಲ್ಲಿ ಶೇ. 30 ದುರಸ್ತಿ ಇತ್ಯಾದಿಗೆಂದು ಕಳೆದು ರೂ. 67,200 ಅವರ ಆದಾಯಕ್ಕೆ ಸೇರುತ್ತದೆ. ಸಂಘದ ಠೇವಣಿಯ ಬಡ್ಡಿಯೂ ಅದರೊಡನೆ ಕೂಡುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಒಟ್ಟು ಮೊತ್ತ ತೆರಿಗೆಯ ಮಿತಿಯೊಳಗಿದ್ದರೆ ಹೆದರಬೇಕಾಗಿಲ್ಲ. ಮಿತಿ ದಾಟಿದರೆ ಮಾತ್ರ ಅಡಿಕೆಯ ಆದಾಯವನ್ನೂ ದರದ ಲೆಕ್ಕಕ್ಕೆ ಹಿಡಿಯುತ್ತಾರೆ. ಬಾಡಿಗೆ ವರ್ಷಕ್ಕೆ ರೂ. 1 ಲಕ್ಷ ಮೀರಿದರೆ ಮಾಲಿಕನ ಪ್ಯಾನ್ ನಂಬ್ರ ಕೊಡಬೇಕು. ಕೊಟ್ಟ ಮೇಲೆ ಮಗನ ಲೆಕ್ಕವನ್ನೂ ಅಪ್ಪನ ಲೆಕ್ಕವನ್ನೂ ತಾಳೆ ನೋಡುವುದು ಇಲಾಖೆಗೆ ಕಷ್ಟದ ಕೆಲಸವಲ್ಲ. 2020-21ರ ಸಾಲಿನ ಇಂಥ ತಾಳೆಯಾಗದ ದೊಡ್ಡ ಮೊತ್ತದ ಪ್ರಕರಣಗಳಲ್ಲಿ ತೆರಿಗೆದಾರರನ್ನು ಎಚ್ಚರಿಸಿದ್ದಾಗಿ ಕೇಂದ್ರ ನೇರ ತೆರಿಗೆ ಮಂಡಳಿ 2024ರ ಎಪ್ರಿಲ್‌ನಲ್ಲಿ ಹೇಳಿತ್ತು. ಸುಳ್ಳು ದಾಖಲೆ ಎಂದು ಕಂಡುಬಂದರೆ ತಪ್ಪಿಸಿದ ತೆರಿಗೆಯ ಶೇ. 200 ದಂಡಕ್ಕೆ ಕಾನೂನಿನಲ್ಲಿ ಅವಕಾಶವಿದೆ.

ಹಾಗಾದರೆ ನಿಜವಾಗಿಯೇ ಬಾಡಿಗೆ ತೆಗೆದುಕೊಳ್ಳಿ, ಒಂದು ಕರಾರು ಬರೆಯಿರಿ ಎಂದರೆ ನಮ್ಮ ಹಿರಿಯರು ಬೆಚ್ಚುತ್ತಾರೆ. ಕಾರಣ ನನಗೆ ಗೊತ್ತು. 1974ರ ಭೂಸುಧಾರಣೆ ತಿದ್ದುಪಡಿಯನ್ನು ಈ ತಾಲೂಕು ಮರೆತಿಲ್ಲ. 1974ರ ಮಾರ್ಚ್ 1ರಿಂದ ಗೇಣಿ ಭೂಮಿಯೆಲ್ಲ ಸರಕಾರದಲ್ಲಿ ನಿಹಿತವಾಯಿತು, ಗೇಣಿದಾರರು ನಮೂನೆ 7ರಲ್ಲಿ ಡಿಕ್ಲರೇಶನ್ ಕೊಟ್ಟರು, ಭೂನ್ಯಾಯ ಮಂಡಳಿಯ ಮುಂದೆ ಹಳೆಯ ಗೇಣಿ ಚೀಟಿಗಳು ಒಂದೊಂದಾಗಿ ಹೊರಬಂದವು. ದುಡಿದವನಿಗೆ ಭೂಮಿ ಸಿಕ್ಕಿತು, ಅದು ನ್ಯಾಯವೇ. ನನ್ನ ತಂದೆಯವರು ಮಾತ್ರ ಕೊನೆಯವರೆಗೂ ಅದನ್ನು ಒಪ್ಪಲಿಲ್ಲ. ಆ ದಿನಗಳಿಂದ "ಚೀಟಿ ಬರೆದುಕೊಟ್ಟರೆ ಜಾಗ ಹೋಯಿತು" ಎಂಬ ಭಯ ಮನೆಮನೆಯಲ್ಲಿ ಕುಳಿತಿದೆ, ಸ್ವಂತ ಮಗನಿಗೆ ಬರೆದುಕೊಡುವುದಕ್ಕೂ. ಆದರೆ ವಾಸದ ಮನೆಯ ಬಾಡಿಗೆ ಬೇರೆ, ಕೃಷಿಭೂಮಿಯ ಗೇಣಿ ಬೇರೆ. ಕರಾರಿನಲ್ಲಿ ಮನೆಯ ನಂಬ್ರ, ಯಾವ ಭಾಗ ಎಂಬುದನ್ನು ಬರೆದು, ತೋಟದ ಸುದ್ದಿಯನ್ನೇ ಎತ್ತದಿದ್ದರೆ ಮುಗಿಯಿತು. ಹನ್ನೊಂದು ತಿಂಗಳಿಗೆ ಬರೆದು ಮತ್ತೆ ಹೊಸತು ಮಾಡಿಕೊಳ್ಳುವುದು ರೂಢಿ.

ನಿಜವಾದ ತೊಡಕು ಇನ್ನೊಂದಿದೆ. ಮನೆ ಯಾರದ್ದು? ನಮ್ಮಲ್ಲಿ ಎಷ್ಟೋ ಮನೆಗಳು ಅಜ್ಜನ ಹೆಸರಿನಲ್ಲೇ ಉಳಿದಿವೆ, ಪಾಲಾಗಿಲ್ಲ. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಮಗಳಿಗೂ ಈಗ ಅದೇ ಹಕ್ಕು. ತನಗೂ ಪಾಲಿರುವ ಮನೆಗೆ ಬಾಡಿಗೆ ಕೊಟ್ಟೆ ಎಂದರೆ ಅಧಿಕಾರಿ ಪ್ರಶ್ನಿಸದೆ ಬಿಡಲಾರ. ಅಳಿಯಸಂತಾನದ ಕುಟುಂಬಗಳ ಮನೆಯ ಮಾತು ಇನ್ನೂ ಸಿಕ್ಕು. ತಂದೆಯೋ ತಾಯಿಯೋ ಸ್ವಯಾರ್ಜಿತವಾಗಿ ಕಟ್ಟಿದ, ಅವರ ಹೆಸರಿನಲ್ಲೇ ಮನೆತೆರಿಗೆ ಕಟ್ಟುವ ಮನೆಯಾದರೆ ಮಾತ್ರ ಧೈರ್ಯದಿಂದ ಮುಂದುವರಿಯಬಹುದು.

ನನ್ನ ಅಭಿಪ್ರಾಯ ಕೇಳಿದರೆ, ಮನೆ ತಾಯಿಯ ಹೆಸರಿನಲ್ಲಿರುವಲ್ಲಿ ಈ ಏರ್ಪಾಡು ತುಂಬಾ ಒಳ್ಳೆಯದು. ನಮ್ಮ ಮನೆಗಳಲ್ಲಿ ಅಡಿಕೆ ಹಣ ಗಂಡಸರ ಖಾತೆಗೆ ಬೀಳುತ್ತದೆ. ಅರುವತ್ತು ದಾಟಿದ ಹೆಂಗಸು ತವರಿಗೆ ಹೋಗುವ ಬಸ್ಸಿನ ಹಣಕ್ಕೂ ಕೇಳಬೇಕು. ಪ್ರತಿ ತಿಂಗಳು ಮಗನಿಂದ ಎಂಟು ಸಾವಿರ ಆಕೆಯ ಖಾತೆಗೆ ಬಂದರೆ ಅದು ದಾನವಲ್ಲ, ಆಕೆಯ ಮನೆಯ ಉತ್ಪತ್ತಿ. ಆದರೆ ಎಡಗೈಯಲ್ಲಿ ಕೊಟ್ಟು ಬಲಗೈಯಲ್ಲಿ ಹಿಂದಕ್ಕೆ ಪಡೆಯುವುದಾದರೆ ಕೊಡುವುದೇ ಬೇಡ. ಬಾಡಿಗೆಯೂ ಊರಿನ ದರದಲ್ಲಿರಲಿ. ಬೆಟ್ಟಂಪಾಡಿಯ ಮಾಳಿಗೆಗೆ ಬೆಂಗಳೂರಿನ ಬಾಡಿಗೆ ಬರೆದರೆ ಯಾರೂ ನಂಬರು.

ಸಂಘದ ನೌಕರರಿಗೂ ಇದೇ ನಿಯಮ. ಅವರ ಸಂಬಳದಲ್ಲಿ ತೆರಿಗೆ ಹಿಡಿದು ಕಟ್ಟುವ ಹೊಣೆ ಕಾರ್ಯದರ್ಶಿಯದ್ದಾದುದರಿಂದ, ರಶೀದಿಯೊಡನೆ ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಯನ್ನೂ ಕೇಳುತ್ತೇನೆ. ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಆ ಹಿರಿಯರು ಕಳೆದ ವಾರ ಮತ್ತೆ ಬಂದಿದ್ದರು. ಹನ್ನೆರಡು ರಶೀದಿಗಳನ್ನೂ ಬಚ್ಚಲ ಒಲೆಗೆ ಹಾಕಿದರಂತೆ. ಮಗ ಮೊದಲು ಸಿಡಿಮಿಡಿಗೊಂಡು, ಲೆಕ್ಕ ತೋರಿಸಿದ ಮೇಲೆ ಸುಮ್ಮನಾದನಂತೆ. ವಿನಾಯಿತಿ ಬೇಡ, ಆದರೂ ತಿಂಗಳಿಗಿಷ್ಟು ಅಮ್ಮನ ಖಾತೆಗೆ ಹಾಕುತ್ತೇನೆ ಎಂದಿದ್ದಾನಂತೆ. "ಅದಿರಲಿ, ಮಳೆಗಾಲದಲ್ಲಿ ಮಾಳಿಗೆಯ ಮಾಡು ಸೋರುತ್ತದೆ. ಬಾಡಿಗೆ ತೆಗೆದುಕೊಂಡ ಮೇಲೆ ಹಂಚು ಹಾಕಿಸುವ ಖರ್ಚು ಯಾರದ್ದು?" ಎಂದು ಕೇಳಿದರು. ಮಾಲಿಕನದ್ದೇ ಎಂದೆ. ಸ್ವಲ್ಪ ಹೊತ್ತು ಯೋಚಿಸುತ್ತಾ ಕುಳಿತರು.